ಫಿಲ್ಟರಿಗೆ ಬಳಿದ ವಿಭೂತಿ

ಹೆದರಿಕೆಯ ವಿಷಯದಲ್ಲಿ ನಾನು ಬಡವನಲ್ಲ. ಹಲ್ಲಿಗೆ ಹೆದರುತ್ತೇನೆ, ಇಂಜೆಕ್ಷನ್ನಿಗೆ ಹೆದರುತ್ತೇನೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನದೇ ಹಳೆಯ ಡೀಸೆಲ್ ಜೀಪಿನ ಬಾನೆಟ್ಟಿನ ಒಳಗಿರುವುದಕ್ಕೆಲ್ಲ ಹೆದರುತ್ತೇನೆ. ತಾಳವಾಡಿಯ ಮೆಕ್ಯಾನಿಕ್ ಕುಮಾರ ನಮ್ಮ ತಿಗನಾರೆ ಮನೆಗೇ ಬಂದು ಪಾಠ ಹೇಳಿದ್ದ. "ಅಣ್ಣಾ, ನೀವು ಕ್ಯಾನಲ್ಲಿ ಡೀಸೆಲ್ ತಂದು ಉಯ್ತೀರಿ, ನೀರು ಸೇರ್ಕತದ. ಫಿಲ್ಟರ್ ಅಡೀಲಿ ಒಂದು ತಿರುಪು ಅದ. ವಾರಕ್ಕೊಂದ್ಸಲ ಸಡ್ಲ ಮಾಡಿ ನೀರ ಬುಟ್ಬುಡಿ. ಆಮೇಕೆ ಮೇಲಿರೋ ಗುಂಡಿಯ ಗಟ್ಟಿ ಆಗೋಗಂಟ ಒತ್ತಿ. ಇಲ್ದಿದ್ರೆ ಕಾಡ್ನಲ್ಲಿ ನಿಂತೋಯ್ತದ ಕಣಣ್ಣ." ನಾನು ತಲೆಯಾಡಿಸಿದೆ. ಕಾಫಿ ತಂದ ನನ್ನ ಹೆಂಡತಿ ಮಾದೇವಿ ಕೇಳಿಸಿಕೊಂಡಳು. ತಲೆಯಾಡಿಸುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ.

ಆಮೇಲೆ ಆಯುಧಪೂಜೆ ಬಂತು. ಚಕ್ರದಡಿ ನಿಂಬೆಹಣ್ಣಿಟ್ಟೆ, ಬಾನೆಟ್ ಎತ್ತಿ ಫಿಲ್ಟರಿಗೂ ಮೂರು ಪಟ್ಟೆ ವಿಭೂತಿ ಬಳಿದು ಕುಂಕುಮವಿಟ್ಟೆ. ಪೂಜೆಯಾದ ವಸ್ತುವಿನ ತಿರುಪು ತಿರುಗಿಸುವುದು ಯಾವ ನ್ಯಾಯ? ಸೋಮಾರಿತನಕ್ಕೆ ಭಕ್ತಿಯಂಥ ಹೊದಿಕೆ ಇನ್ನೊಂದಿಲ್ಲ.

ಹೋದ ತಿಂಗಳು ಸತ್ಯಮಂಗಲದಲ್ಲಿ ಭಾವಮೈದುನನ ಗೃಹಪ್ರವೇಶ. ಹಿಂದೆ ಎರಡು ಮೂಟೆ ಎಲೆಕೋಸು ಹೇರಿಕೊಂಡು ಇಬ್ಬರೂ ಹೊರಟೆವು. ಆಸನೂರು ದಾಟಿ ದಿಂಬಂ ಕಡೆ ಹೋಗುವಾಗ ಜೀಪು ಎರಡು ಸಲ ಬಿಕ್ಕಳಿಸಿ ನಿಂತುಬಿಟ್ಟಿತು. ಹಿಂದೆ ಮುಂದೆ ಒಂದು ಬಸ್ಸಿಲ್ಲ. ಬಿದಿರು ಮುರಿದ ಸದ್ದಾಯಿತು. ಮುಂದಿನ ತಿರುವಿನಲ್ಲಿ ಮರಿಯ ಸಮೇತ ಒಂದು ಹೆಣ್ಣಾನೆ ರಸ್ತೆಗೆ ಬಂತು. ಕೋಸಿನ ವಾಸನೆ ಹತ್ತಿರಬೇಕು, ಸೊಂಡಿಲೆತ್ತಿ ನಮ್ಮ ಕಡೆಗೇ ಹೆಜ್ಜೆ ಹಾಕಿತು.

"ನೀರು ಸೇರ್ಕಂಡದ. ಇಳ್ದು ತಿರುಪ ಸಡ್ಲ ಮಾಡಿ," ಎಂದಳು ಮಾದೇವಿ.

"ಆನೆ ಕಣೇ..."

"ಇನ್ನೂ ದೂರ ಅದ. ಕುಂತಿದ್ರೆ ಅತ್ರ ಬತ್ತದ."

ನಾನು ಸ್ಟಿಯರಿಂಗ್ ಬಿಡಲಿಲ್ಲ. ಅವಳೇ ಇಳಿದಳು, ಬಾನೆಟ್ ಎತ್ತಿದಳು. ಬಾನೆಟ್ಟು ಗಾಜಿಗೆ ಅಡ್ಡ ನಿಂತದ್ದೇ ನನಗೆ ಮುಂದಿನದೇನೂ ಕಾಣದು. ಆನೆ ಎಲ್ಲಿ, ಮಾದೇವಿ ಎಲ್ಲಿ? ಇವಳಿಗೇನಾದರೂ ಆದರೆ? ಮಾದಪ್ಪಾ, ಇನ್ನು ವಿಭೂತಿ ನಿನಗೆ, ತಿರುಪು ನನಗೆ ಎಂದು ಹರಕೆ ಹೊತ್ತೆ.

"ಈಗ ಇಸ್ಟಾಟ್ ಮಾಡಿ!"

ಮೂರನೆಯ ಸಲಕ್ಕೆ ಎಂಜಿನ್ ಹತ್ತಿತು. ಬಾನೆಟ್ ಬಿತ್ತು, ಅದರ ಹಿಂದೆ ಆನೆ ಕಂಡಿತು, ಕಿವಿ ಅಗಲಿಸಿ ನಿಂತಿತ್ತು. ಮಾದೇವಿ ಓಡಿಬಂದು ಬಾಗಿಲೆಳೆದಳು. ತೆರೆಯಲಿಲ್ಲ. ಗಾಜು ಬಡಿದಳು. ಆಗ ನೋಡಿದೆ: ಅವಳು ಇಳಿದ ಮೇಲೆ ನಾನೇ ಒಳಗಿನಿಂದ ಲಾಕ್ ಹಾಕಿಕೊಂಡಿದ್ದೆ. ಅದನ್ನು ತೆಗೆಯುವಷ್ಟರಲ್ಲಿ ನನಗೆ ಒಂದು ವರ್ಷ ಕಳೆದಂತಾಯಿತು. ಅವಳಿಗೆ ಎಷ್ಟು ಕಳೆಯಿತೋ ಕೇಳುವ ಧೈರ್ಯ ಇಂದಿಗೂ ಬಂದಿಲ್ಲ. ರಿವರ್ಸಿನಲ್ಲೇ ಹಿಂದಿನ ತಿರುವಿನವರೆಗೆ ಬಂದೆವು. ಆನೆ ಮರಿಯನ್ನು ಕರೆದುಕೊಂಡು ಕಾಡಿಗಿಳಿಯಿತು. ದಿಂಬಂನಲ್ಲಿ ಟೀ ಕುಡಿದೆವು.

ಈಗ ಪ್ರತಿ ಶುಕ್ರವಾರ ಫಿಲ್ಟರಿನ ನೀರು ಬಿಡುವುದು ನಾನೇ. ಗಾಡಿ ಇಟ್ಟುಕೊಂಡರೆ ಹೀಗಿಟ್ಟುಕೊಳ್ಳಬೇಕು ಎಂದು ಅಕ್ಕಪಕ್ಕದವರು ಹೊಗಳುತ್ತಾರೆ. ಮೊನ್ನೆ ಶೀಸೆಗೆ ಹಿಡಿದ ಡೀಸೆಲನ್ನು ಬೆಳಕಿಗೆತ್ತಿ, "ನೋಡೇ, ಒಂದು ತೊಟ್ಟು ನೀರಿಲ್ಲ," ಎಂದು ಮಾದೇವಿಗೆ ತೋರಿಸಿದೆ. ಮೊರದಲ್ಲಿ ಅಕ್ಕಿ ಕೇರುತ್ತಿದ್ದವಳು ತಲೆ ಎತ್ತಲಿಲ್ಲ.

"ನೀರು ಬುಡೋದು ನಂಗೂ ಬತ್ತದ. ನೀವು ಬಾಗ್ಲು ತೆಗೆಯೋದ ಕಲ್ತ್ಕಳಿ."