ಮೀನಿಗೆ ಅರೆದ ಬೆಳ್ಳುಳ್ಳಿ

ನಮ್ಮ ಕಾಕಾ ಜನ್ಮದಲ್ಲಿ ಬೆಳ್ಳುಳ್ಳಿ ತಿಂದವರಲ್ಲ. ಆದರೆ ಶಹಾಬಾದದ ಸಂತೆಯಲ್ಲಿ ಅವರಷ್ಟು ಬೆಳ್ಳುಳ್ಳಿ ಕೊಂಡವರು ಖಾನಾವಳಿಯವರಲ್ಲೂ ಇರಲಿಕ್ಕಿಲ್ಲ! ತಿನ್ನುತ್ತಿದ್ದುದು ಯಾರು? ಮೀನು. ಹೊತ್ತು ತರುತ್ತಿದ್ದವನು ಯಾರು? ನಾನು. ನನ್ನ ಹಳೆಯ ಸ್ಕೂಟರನ್ನು ಕೊಳ್ಳಲು ಬಂದವನೊಬ್ಬ ಮೂಗು ಮುಚ್ಚಿಕೊಂಡೇ ಬ್ರೇಕು ನೋಡಿ ಹೋದ. ಮತ್ತೆ ಬರಲಿಲ್ಲ.

ಕಾಕಾ ವಿಜ್ಞಾನದ ಮಾಸ್ತರರು, ತೊಂಬತ್ತರ ದಶಕದ ಕೊನೆಗೆ ನಿವೃತ್ತರಾದರು. ಅವರು ಸುಮ್ಮನೆ ಕುಳಿತಿದ್ದರೆ ನಾನೂ ಸುಮ್ಮನೆ ಕುಳಿತಿರುತ್ತಿದ್ದೆ! ಅವರ ಹಳೆಯ ವಿದ್ಯಾರ್ಥಿ ಸಿದ್ರಾಮ, ವಾಡಿಯ ದಾರಿಯಲ್ಲಿ ಕಲ್ಲು ತೆಗೆದು ಬಿಟ್ಟ ಖಣಿಯ ನೀರಿನಲ್ಲಿ ಮಾಗೂರ ಮೀನು ಸಾಕಿದ್ದ. ಉದ್ದ ಮೀಸೆಯ, ಕೈಯಲ್ಲಿ ನಿಲ್ಲದ ಜಾತಿ. ಅವಕ್ಕೆ ಅವನು ಕೋಳಿಯ ಕರುಳು ಹಾಕುವುದನ್ನು ಕಾಕಾ ಕಂಡುಬಿಟ್ಟರು.

"ಮೀನ ತಿನ್ನೋರು ತಿನ್ನಲಿ, ನಾ ಬ್ಯಾಡ ಅನ್ನೋದಿಲ್ಲ. ಮೀನಾದ್ರೂ ಶಾಕಾಹಾರಿ ಇರ್ಲಿ!" ಎಂದರು.

ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ಕಾಕಾನ ಪ್ರಯೋಗ ಶುರುವಾಯಿತು: ಖಣಿಯ ಒಂದು ಹೊಂಡಕ್ಕೆ ಬರೀ ಶೇಂಗಾ ಹಿಂಡಿ, ತೌಡು. ಇನ್ನೊಂದಕ್ಕೆ ಅದರ ಜೊತೆ ಹಸಿವಿಗೆಂದು ಮೆಂತ್ಯ, ರೋಗಕ್ಕೆಂದು ಅರಿಶಿನ, ಮೈ ತುಂಬಲೆಂದು ಬೆಳ್ಳುಳ್ಳಿ. ಹದಿನೈದು ದಿನಕ್ಕೊಮ್ಮೆ ಮೀನಿನ ತೂಕ. ತಕ್ಕಡಿ ಹಿಡಿಯುವವನು ಯಾರೆಂದು ಕೇಳಬೇಡಿ! ಒಂದು ಮೀನು ಮುಳ್ಳು ಚುಚ್ಚಿ ನನ್ನ ಹೆಬ್ಬೆರಳು ಬದನೆಕಾಯಿಯಂತೆ ಊದಿದಾಗ ಕಾಕಾ ಹಿಗ್ಗಿ ಹೇಳಿದರು: "ನೋಡು ತಮ್ಮಾ, ಮೆಂತೆ ಹತ್ಯದ ಅದಕ್ಕ! ಎಷ್ಟು ಜೋರ್ ಬಂದದ!"

ಏಕಾದಶಿಯ ದಿನ ಎರಡೂ ಹೊಂಡಕ್ಕೆ ಉಪವಾಸ!

"ಸರ್, ಮೀನಿಗಿ ಎಂಥಾ ಏಕಾದಶಿರೀ?" ಎಂದು ಸಿದ್ರಾಮ ತಲೆ ಕೆರೆದುಕೊಂಡ.

"ಉಣಸಾಂವ ನಾನು. ನಾ ಉಪವಾಸ ಇದ್ದಾಗ ಅವು ಉಂಡ್ರ ನನ್ನ ವ್ರತ ಹೆಂಗ ಉಳೀತದ?"

ಚಾತುರ್ಮಾಸ ಬಂತು, ವ್ರತವೆಂದು ಮೀನಿಗೂ ಮಸಾಲೆ ಬಂದ್ ಆಯಿತು. ಕಾಕಾ ವಹಿಯಲ್ಲಿ ಬರೆದರು: 'ತೂಕ ಏರಿಲ್ಲ. ಕಾರಣ: ಶಾಕವ್ರತ.' ನಾನು ತಕ್ಕಡಿ ಕೆಳಗಿಟ್ಟು ಅಲ್ಲೇ ಕುಳಿತೆ. ಅಷ್ಟು ದಣಿದಿದ್ದೆ.

ದಣಿಯದವರೆಂದರೆ ಕಾಕಾನ ಹೆಂಡತಿ, ನಮ್ಮ ಕಾಕು ಒಬ್ಬರೇ. "ಬಳ್ಳೊಳ್ಳಿ ಮುಟ್ಟಿದ ಕೈ ನನ್ನ ಅಡಗಿಮನ್ಯಾಗ ಬರಬಾರದು. ನಿಮ್ಮ ತಾಟು ಹೊರಗ!" ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದರು. ಅಂದಿನಿಂದ ಕಾಕಾ ಪಡಸಾಲೆಯಲ್ಲಿ ಒಬ್ಬರೇ ಉಣ್ಣಬೇಕಾಯಿತು. ಮೊದಲು ಒಲೆಯ ಮುಂದೆ ಮಣೆ ಹಾಕಿಕೊಂಡು, ಕಾಕು ಬಡಿಸುತ್ತ ಹೇಳುವ ಊರ ಸುದ್ದಿಯನ್ನೆಲ್ಲ ಕೇಳುತ್ತ ಉಂಡವರು. ಈಗ ತಾಟು ಹೊರಗೆ ಬಂದು ಬಾಗಿಲು ಮುಚ್ಚುತ್ತಿತ್ತು.

"ಮಾತಾಡೋರಿಲ್ಲೋ ತಮ್ಮಾ. ಸಾರು ಸಪ್ಪಗ ಹತ್ತತದ," ಎನ್ನುತ್ತಿದ್ದರು.

"ಹಂಗಾದ್ರ ಬಳ್ಳೊಳ್ಳಿ ಬಿಡ್ರಿ ಕಾಕಾ."

"ಇನ್ನ ನಾಕು ತೂಕ ಬಾಕಿ ಅವಲ್ಲೋ!"

ಕಾಕಾ, ಕಾಕು ಇಬ್ಬರೂ ಹಟ ಬಿಡಲಿಲ್ಲ. ಇಬ್ಬರೂ ಸೊರಗಿದರು. ಮೀನು ಮಾತ್ರ ಬೆಳೆದವು.

ಒಂದು ದಿನ ಕಾಕಾ ಖಣಿಯ ದಂಡೆಯಲ್ಲಿ ಜಾರಿ ಕಾಲು ಮುರಿದುಕೊಂಡರು. ಪಡಸಾಲೆಯ ಮಂಚದ ಮೇಲೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿ, "ಮೀನ ಉಪವಾಸ ಅವ. ಇವತ್ತ ಏಕಾದಶಿನೂ ಅಲ್ಲ," ಎಂದು ನನ್ನ ಮುಖ ನೋಡಿದರು. ಸಂತೆಯಲ್ಲಿ ಬೆಳ್ಳುಳ್ಳಿಯೇ ಸಿಗುತ್ತಿಲ್ಲವೆಂದು ಸುಳ್ಳು ಹೇಳಿ ಮನೆಗೆ ಹೋಗಬೇಕೆಂದುಕೊಂಡು, ಸ್ಕೂಟರ್ ತೆಗೆಯಲು ಹಿತ್ತಲಿಗೆ ಹೋದೆ.

ಅಲ್ಲಿ ಕಾಕು ಸೆರಗಿನಿಂದ ಮೂಗು ಮುಚ್ಚಿ ಕಟ್ಟಿಕೊಂಡು, ಕಾಕಾ ಅರೆಯಲೆಂದು ಇಟ್ಟುಕೊಂಡಿದ್ದ ಫರ್ಸಿ ಹಾಸುಗಲ್ಲಿನ ಮೇಲೆ ಬೆಳ್ಳುಳ್ಳಿ ಅರೆಯುತ್ತಿದ್ದರು!

"ಏನ್ ನೋಡ್ಲಿಕತ್ತಿ? ಅವರಿಗಿ ಏಳ್ಲಿಕ್ಕಿ ಬರಾಂಗಿಲ್ಲ. ಮೀನೇನ್ ಪಾಪ ಮಾಡ್ಯಾವ? ಲಗೂನ ಒಯ್ಯಿ."

ಒಯ್ದೆ, ಹಾಕಿದೆ, ತಿರುಗಿ ಬಂದೆ. ಕಾಕು ಬೆಳ್ಳುಳ್ಳಿ ಮುಟ್ಟುವ ಮೊದಲೇ ಅಡುಗೆಯ ಪಾತ್ರೆಗಳು ಪಡಸಾಲೆಗೆ ಬಂದಿದ್ದವು. ಮಂಚದ ಪಕ್ಕ ಎರಡು ತಾಟುಗಳಿದ್ದವು.

"ನನ್ನ ಕೈಗೂ ಬಳ್ಳೊಳ್ಳಿ ಹತ್ಯದ. ನಂದೂ ತಾಟು ಹೊರಗ," ಎಂದರು ಕಾಕು, ನನ್ನ ಮುಖ ನೋಡದೆ.

ಗಂಡ ಉಂಡೆದ್ದ ಮೇಲೆಯೇ ಉಣ್ಣುತ್ತಿದ್ದ ಕಾಕು ಅವರ ಪಕ್ಕದಲ್ಲಿ ಕುಳಿತು ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಊರ ಸುದ್ದಿಯೆಲ್ಲ ಒಮ್ಮೆಲೇ ಹೊರಬಿದ್ದಿತು. ಕಾಕಾ ಸಾರು ಎರಡನೆಯ ಸಲ ಹಾಕಿಸಿಕೊಂಡು, "ಇವತ್ತ ಸಾರು ಭಾಳ ಚೊಲೋ ಆಗ್ಯದ," ಎಂದರು.

ನನಗೂ ಬಡಿಸಿದರು. ಗಡಿಬಿಡಿಯಲ್ಲಿ ಕಾಕು ಉಪ್ಪು ಹಾಕುವುದನ್ನೇ ಮರೆತಿದ್ದರು.