ಯಾರ ಕಡೆಯವನು ಮೈಕಣ್ಣ?

ವೈರು ಕಡಿದದ್ದು ಇಲಿ. ಹೆಸರು ಕೆಟ್ಟದ್ದು ಮೈಕಣ್ಣನದು. ಸಂಸತ್ತಿನ ಗಾಜಿನ ಗೂಡಲ್ಲಿ ಕೂತು, ಸದಸ್ಯರ ಮೈಕಿಗೆ ಜೀವ ಕೊಡುವುದು, ಹೊತ್ತು ಮೀರಿದರೆ ತೆಗೆಯುವುದು ಅವನ ಕೆಲಸ. ಆ ವೈರು ತುಂಡಾಗಿ ವಿರೋಧ ಪಕ್ಷದ ನಾಯಕರ ಮಾತು ನಡುವೆಯೇ ಸತ್ತ ದಿನದಿಂದ ಅವನಿಗೆ ಶನಿ ಹಿಡಿಯಿತು. ಇರಲಿ ಪಾಪ ಎಂದು ಮರುದಿನ ಅವರಿಗೆ ಚೂರು ಹೆಚ್ಚು ಹೊತ್ತು ಬಿಟ್ಟ. ಆಳುವವರೂ ಕಣ್ಣು ಕೆಂಪು ಮಾಡಿದರು.

ಇಂದು ಬೆಳಿಗ್ಗೆ ಪಕ್ಕದ ಮನೆಯ ಟೈಲರ್ ಬಾಗಿಲು ಗುದ್ದಿದ. "ನಮ್ ಟಿವಿ ಮೂಕವಾಗಿದೆ. ನಿಜ ಹೇಳಿ, ಏನ್ಮಾಡಿದ್ರಿ?"

ಹೆಂಡತಿಯೂ ಬಿಡಲಿಲ್ಲ. "ರೀ, ನನ್ ಹತ್ರ ಆದ್ರೂ ಬಾಯ್ಬಿಡಿ. ಯಾರ ಕಡೆ ನೀವು?"

"ಯಾರ ಕಡೆನೂ ಅಲ್ವೇ!"

"ಹೆಂಡ್ತಿಗೂ ಹೇಳದೇ ಇರೋವಷ್ಟು ದೊಡ್ಡ ಗುಟ್ಟಾ?" ಎಂದು ಮುಖ ಊದಿಸಿದಳು.

ಆದರೂ ಮೈಕಣ್ಣ ಹಿಗ್ಗಿನಲ್ಲೇ ಹೊರಟ. ಸುಧಾರಣಾ ಸಮಿತಿ ಒಂದು ಯಂತ್ರ ತರಿಸಿತ್ತು. ಎಲ್ಲರಿಗೂ ಒಂದೇ ಹೊತ್ತು, ಮುಗಿದೊಡನೆ ಮೈಕು ತಾನಾಗಿಯೇ ಬಂದ್. ಸದನ ಒಪ್ಪಿದರೆ ಮೈಕಣ್ಣನಿಗೆ ಗ್ರಂಥಾಲಯಕ್ಕೆ ವರ್ಗ. ಅಲ್ಲಿ ಯಾರೂ ಮಾತೇ ಆಡುವುದಿಲ್ಲವಲ್ಲ!

ಪರೀಕ್ಷೆ ಶುರುವಾಯಿತು. ಮಂತ್ರಿಗಳು "ನಮ್ಮ ಸರ್ಕಾರದ ಸಾಧನೆ" ಎನ್ನುವಷ್ಟರಲ್ಲಿ ಹೊತ್ತು ಮುಗಿದು ಮೈಕು ಸತ್ತಿತು. ವಿರೋಧ ಪಕ್ಷದವರು ಮೇಜು ಕುಟ್ಟಿ ನಕ್ಕರು. ಅವರ ನಾಯಕರು ಎದ್ದು "ಪ್ರಜಾಪ್ರಭುತ್ವದ ಕತ್ತು" ಎಂದರು. ಆ ಮಾತಿನ ಕತ್ತೂ ಅಲ್ಲಿಗೇ ಹೋಯಿತು. ರೂಢಿಯಂತೆ ಸದನಕ್ಕೆ ಸದನವೇ ಗೂಡಿನತ್ತ ತಿರುಗಿತು. ಮೈಕಣ್ಣ ಸಿಕ್ಕಿಬಿದ್ದ ಕಳ್ಳನಂತೆ ಎರಡೂ ಕೈ ಮೇಲೆತ್ತಿ ಕೂತಿದ್ದ!

ಸದನಕ್ಕೆ ಗರಬಡಿದಂತಾಯಿತು. ಬೈಯಲು ಒಬ್ಬರೂ ಇಲ್ಲ. ಹಾವು ಮುಂಗುಸಿಯಂತಿದ್ದ ಮಂತ್ರಿಗಳೂ ವಿರೋಧ ಪಕ್ಷದ ನಾಯಕರೂ ಮೂಲೆಯಲ್ಲಿ ಗುಸುಗುಸು ಮಾಡಿದರು. ಯಂತ್ರ ಬೇಡವೆಂದು ಸದನ ಒಮ್ಮತದಿಂದ ತೀರ್ಮಾನಿಸಿತು. ಇಂಥ ಒಗ್ಗಟ್ಟನ್ನು ಆ ಸಂಸತ್ತು ಕಂಡಿರಲಿಲ್ಲ.

ಇಬ್ಬರೂ ನೆಟ್ಟಗೆ ಗೂಡಿಗೆ ಬಂದರು. ಮೈಕಣ್ಣನಿಗೆ ಅಳುವೇ ಬಂತು. "ಸ್ವಾಮಿ, ನಿಮ್ಮ ದಮ್ಮಯ್ಯ, ನನ್ನ ಬಿಟ್ಬಿಡಿ. ಈ ಅನುಮಾನ ತಡ್ಕೊಳ್ಳಕ್ಕಾಗಲ್ಲ."

"ಅನುಮಾನವಾ?" ಮಂತ್ರಿಗಳು ಹೆಗಲ ಮೇಲೆ ಕೈಯಿಟ್ಟರು. "ನಿನ್ ಮೇಲೆ ನಮಗೆ ಯಾವತ್ತೂ ಅನುಮಾನ ಇರ್ಲಿಲ್ಲ ಕಣಯ್ಯ."

"ನಮಗೂ ಇರ್ಲಿಲ್ಲಪ್ಪ," ಎಂದರು ವಿರೋಧ ಪಕ್ಷದ ನಾಯಕರು.

ಮೈಕಣ್ಣನಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಇನ್ಮೇಲೆ ಬೈಯಲ್ಲ ತಾನೇ?"

"ಛೆ ಛೆ, ಅದು ಬೇರೆ, ಇದು ಬೇರೆ," ಎಂದರು ಮಂತ್ರಿಗಳು. "ನಾಳೆ ಬೆಳಿಗ್ಗೆನೇ ನಿನಗೆ ಧಿಕ್ಕಾರ ಇದೆ. ಮೊದ್ಲು ಇವ್ರು ಕೂಗ್ತಾರೆ, ಆಮೇಲೆ ನಾವು. ಸ್ವಲ್ಪ ಬೇಗ ಬಾ."