ಎಣ್ಣೆ ಹಚ್ಚದೆ ಬನ್ನಿ

ಕನ್ನಡ ಓದುವವರ ಮಿದುಳಿನೊಳಗೆ ಏನು ನಡೆಯುತ್ತದೆ ಎಂದು ಪತ್ತೆಹಚ್ಚಲು ಹೊಳೆನರಸೀಪುರಕ್ಕಿಂತ ಪ್ರಶಸ್ತವಾದ ಸ್ಥಳ ಭೂಮಂಡಲದಲ್ಲೇ ಇಲ್ಲ ಎಂದು ನಾನು ಇಂಗ್ಲೆಂಡಿನ ನನ್ನ ಪ್ರೊಫೆಸರ ಮುಂದೆ ಎದೆ ತಟ್ಟಿಕೊಂಡು ಹೇಳಿದೆ. ಪಾಪ, ಅವರು ನಂಬಿದರು!

ಎಲ್ಲರ ಮನೆಗೂ ಆಗಷ್ಟೇ ಮೊಬೈಲು ಬರುತ್ತಿದ್ದ ಕಾಲ. ಹಾಸನದ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ನಾನು, ಗಂಡ ರಘುವನ್ನು ಹೊಳೆನರಸೀಪುರದಲ್ಲಿ ಅವರ ಅಪ್ಪ ಅಮ್ಮನ ಸುಪರ್ದಿಗೆ ಒಪ್ಪಿಸಿ, ಕಾಗ್ನಿಟಿವ್ ನ್ಯೂರೋಸೈನ್ಸ್ ಎಂಬ ವಿಷಯದಲ್ಲಿ ಎಂ.ಎಸ್ಸಿ. ಮಾಡಲು ಹೋಗಿದ್ದೆ. ಮಿದುಳು ಹೇಗೆ ನೋಡುತ್ತದೆ, ಹೇಗೆ ಓದುತ್ತದೆ, ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂದು ಕಲಿಯುವ ವಿದ್ಯೆ. ನಮ್ಮತ್ತೆ ಅದನ್ನು 'ತಲೆ ಓದು' ಎಂದು ಚಿಕ್ಕದು ಮಾಡಿಟ್ಟಿದ್ದರು.

ಪದವಿಗೆ ಒಂದು ಪ್ರಬಂಧ ಬರೆಯಬೇಕು. ಒತ್ತಕ್ಷರ ಓದುವಾಗ ಮಿದುಳಿಗೆ ಕೆಲಸ ಹೆಚ್ಚಾಗುತ್ತದೆಯೇ ಎಂಬುದು ನನ್ನ ಪ್ರಶ್ನೆ. ಅದಕ್ಕಾಗಿ ಪ್ರೊಫೆಸರು ಒಂದು ಯಂತ್ರವನ್ನು ರಜೆಯ ಮಟ್ಟಿಗೆ ನನ್ನ ಕೈಗೆ ಕೊಟ್ಟು ಕಳಿಸಿದರು. ತಲೆಗೆ ಬಿಗಿಯಾಗಿ ಕೂರುವ ಬಟ್ಟೆಯ ಟೋಪಿ, ಅದರ ತುಂಬ ವೈರು. ಅದನ್ನು ತೊಡಿಸಿ ಓದಿಸಿದರೆ ಮಿದುಳಿನ ಅಲೆಗಳು ಲ್ಯಾಪ್‌ಟಾಪಿನಲ್ಲಿ ಗೆರೆಗೆರೆಯಾಗಿ ಮೂಡುತ್ತವೆ. ಇಪ್ಪತ್ತು ತಲೆ ಸಿಕ್ಕರೆ ಪ್ರಬಂಧ, ಪ್ರಬಂಧವಾದರೆ ಪದವಿ. ಪದವಿಯಿಲ್ಲದೆ ಬಂದರೆ ಕಾಲೇಜಿನವರಿಗೆ ಮುಖ ತೋರಿಸುವಂತಿಲ್ಲ. ಅವರು ರಜೆ ಕೊಟ್ಟಿದ್ದೇ ಆ ಮಾತಿನ ಮೇಲೆ.

ರಜೆಗೆ ಊರಿಗೆ ಬಂದ ಶನಿವಾರ ಸಂಜೆ ಟೋಪಿಯನ್ನು ಮೊದಲು ರಘು ತಲೆಗೆ ಹಾಕಿದೆ. ಟೋಪಿ ನಿಲ್ಲಲಿಲ್ಲ. ಹಿಡಿದುಕೊಂಡು ನೋಡಿದರೆ ಪರದೆಯ ಮೇಲೆ ಬರೀ ಗಜಿಬಿಜಿ.

"ರೀ, ನಿಮ್ಮ ತಲೆಯೊಳಗೆ ಏನೂ ಕಾಣಿಸ್ತಿಲ್ಲ" ಎಂದೆ.

"ಇದನ್ನ ಹೇಳೋಕೆ ಇಂಗ್ಲೆಂಡಿಗೆ ಹೋಗ್ಬೇಕಿತ್ತಾ? ಅಮ್ಮನ್ನ ಕೇಳಿದ್ರೆ ಇಲ್ಲೇ ಹೇಳೋಳು" ಎಂದರು ರಘು.

ತಪ್ಪು ಅವರ ಮಿದುಳಿನದಲ್ಲ, ಎಣ್ಣೆಯದು. ಬೆಳಿಗ್ಗೆಯಷ್ಟೇ ಅತ್ತೆ ಮಗನಿಗೆ ಹರಳೆಣ್ಣೆ ತಟ್ಟಿದ್ದರು. ಚರ್ಮಕ್ಕೂ ವೈರಿಗೂ ನಡುವೆ ಎಣ್ಣೆಯಿದ್ದರೆ ಯಂತ್ರಕ್ಕೆ ಏನೂ ಸಿಗುವುದಿಲ್ಲ. ಸರಿ, ನಾಳೆ ಬರುವವರೆಲ್ಲ ಎಣ್ಣೆ ಹಚ್ಚದೆ ತಲೆಗೆ ಸ್ನಾನ ಮಾಡಿಕೊಂಡು ಬರಬೇಕು ಎಂದು ಘೋಷಿಸಿದೆ.

ಅತ್ತೆಯ ಮುಖ ಕೆಂಪಗಾಯಿತು. "ಎಣ್ಣೆ ಇಲ್ಲದೆ ತಲೆಗೆ ನೀರು ಹಾಕ್ಕೊಳ್ಳೋದು ಯಾವಾಗ ಅಂತ ಗೊತ್ತೇನೇ ನಿನಗೆ?"

"ಗೊತ್ತು ಅತ್ತೆ, ಪ್ರಯೋಗ ಇದ್ದಾಗ!"

ಅತ್ತೆ ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ವಿಜ್ಞಾನ ಗೆದ್ದಿತು ಎಂದುಕೊಂಡೆ.

ಜನ ಎದ್ದು ಎಣ್ಣೆ ಮುಟ್ಟುವ ಮೊದಲೇ ಅವರನ್ನು ಹಿಡಿಯಬೇಕಲ್ಲ! ಭಾನುವಾರ ಇನ್ನೂ ಬೆಳಕು ಹರಿಯುವ ಮುಂಚೆ ಫೋನು ಹಿಡಿದು ಕೂತೆ. ಪ್ರಯೋಗದ ವಿಷಯ ಮೊದಲೇ ಹೇಳಿಬಿಟ್ಟರೆ ಫಲಿತಾಂಶ ಕೆಡುತ್ತದೆ, ಆದ್ದರಿಂದ ಏನನ್ನೂ ಬಾಯಿಬಿಡಬಾರದು ಎಂಬುದು ನಮ್ಮ ಶಾಸ್ತ್ರದ ಕಟ್ಟುನಿಟ್ಟು. ಜೊತೆಗೆ ವಿಮಾನದಲ್ಲಿ ಹಿಡಿದ ನೆಗಡಿ. ಮೂಗು ಸೊರ್ ಸೊರ್ ಎನ್ನುತ್ತಿತ್ತು.

ಮೊದಲ ಫೋನು ಚನ್ನರಾಯಪಟ್ಟಣಕ್ಕೆ, ಮಾವನ ತಮ್ಮನಿಗೆ. "ಚಿಕ್ಕಪ್ಪ, ಎಣ್ಣೆ ಹಚ್ಚದೆ ತಲೆಗೆ ಸ್ನಾನ ಮಾಡ್ಕೊಂಡು ಎಲ್ರೂ ಬೇಗ ಬಂದ್ಬಿಡಿ. ಹೆಂಗಸರು ಹೂ ಮುಡಿಯೋದು ಬೇಡ, ಹಣೆಗೆ ಕುಂಕುಮಾನೂ ಬೇಡ. ಕಾಫಿ ಕೂಡ ಕುಡೀಬೇಡಿ."

"ಅಣ್ಣ...?" ಎಂದರು ಚಿಕ್ಕಪ್ಪ. ಅಣ್ಣನಿಗೂ ಎಣ್ಣೆ ಬೇಡವೇ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ.

"ಮಾವನ ವಿಷಯ ಬಂದ್ಮೇಲೆ ಹೇಳ್ತೀನಿ. ಈಗ ಏನೂ ಕೇಳ್ಬೇಡಿ" ಎಂದು ಸೊರ್ ಎಂದು ಮೂಗೆಳೆದು ಫೋನಿಟ್ಟೆ. ಹಣೆಯ ಮೇಲೂ ಎರಡು ವೈರು ಅಂಟಿಸಬೇಕಿತ್ತು, ಕಾಫಿಗೆ ಮಿದುಳು ಕುಣಿಯುತ್ತದೆ. ಎಲ್ಲಕ್ಕೂ ಕಾರಣವಿತ್ತು. ಇದೇ ಮಾತನ್ನು ಅರಕಲಗೂಡಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಮಾವನ ಗೆಳೆಯ ಶಿವಣ್ಣನವರಿಗೂ, ನಮ್ಮ ಬೀದಿಯ ನಾಲ್ಕಾರು ಮನೆಗೂ ಒಪ್ಪಿಸಿದೆ.

ಮುನಿಸಿಕೊಂಡ ಅತ್ತೆ ಮಾವನನ್ನೂ ಕರೆದುಕೊಂಡು ದೇವಸ್ಥಾನಕ್ಕೆ ಹೊರಟುಹೋದರು. ರಘು ತಾವು ಪಾಠ ಮಾಡುವ ಸ್ಕೂಲಿನಿಂದ ಕುರ್ಚಿ ತರಲು ಹೋದರು. ಕರೆಂಟಿನ ಗುಂಯ್‌ಗುಡುವಿಕೆ ಯಂತ್ರಕ್ಕೆ ಆಗದೆಂದು ನಾನು ಮೇನ್ ಸ್ವಿಚ್ ಆಫ್ ಮಾಡಿದೆ. ಮನೆ ಕತ್ತಲಾಗಿ ಗಪ್‌ಚಿಪ್ಪಾಯಿತು.

ಜನ ಬಂದರು ನೋಡಿ! ಒದ್ದೆ ಕೂದಲು, ಬೋಳು ಹಣೆ, ತಗ್ಗಿಸಿದ ತಲೆ. ನನ್ನ ಕಣ್ಣಲ್ಲಿ ಆನಂದಬಾಷ್ಪ ಬಂತು. ಇಂಗ್ಲೆಂಡಿನಲ್ಲೂ ಇಷ್ಟು ಶಿಸ್ತಿನ ಜನ ಪ್ರಯೋಗಕ್ಕೆ ಸಿಗುವುದಿಲ್ಲ! ಚಿಕ್ಕಮ್ಮ ನನ್ನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತರು. ಬಹಳ ದಿನದ ಮೇಲೆ ನೋಡಿದ್ದಲ್ಲವೇ, ಪ್ರೀತಿ ಎಂದುಕೊಂಡೆ. ಚಿಕ್ಕಪ್ಪ ಜೊತೆಗೆ ಒಬ್ಬ ಶಾಸ್ತ್ರಿಗಳನ್ನೂ ಕರೆತಂದಿದ್ದರು. ಅವರ ತಲೆಯೂ ಶುಭ್ರ. ಒಂದು ತಲೆ ಲಾಭ!

"ಧೈರ್ಯ ತಂದ್ಕೋಮ್ಮ" ಎಂದರು ಚಿಕ್ಕಪ್ಪ.

"ನಂಗೇನೂ ಭಯ ಇಲ್ಲ ಚಿಕ್ಕಪ್ಪ. ಅರ್ಧ ಗಂಟೇಲಿ ಮುಗಿಸಿಬಿಡೋಣ."

ಚಿಕ್ಕಪ್ಪ ನನ್ನನ್ನೇ ದಿಟ್ಟಿಸಿ ನೋಡಿದರು. ಅಷ್ಟರಲ್ಲಿ ಅರಕಲಗೂಡಿನಿಂದ ಶಿವಣ್ಣನವರ ಜೀಪು ಬಂತು. "ಬಿದ್ರು ಬೇಕಾದಾತು ಅಂತ ಜೀಪಲ್ಲೇ ಆಕ್ಕಂಡ್ ಬಂದಿವ್ನಿ ಕಣವ್ವ" ಎಂದರು.

ವೈರು ಇಳಿಬಿಡಲು ಬಿದಿರು! ಎಷ್ಟು ಮುಂದಾಲೋಚನೆ! "ತುಂಬಾ ಉಪಕಾರ ಆಯ್ತು" ಎಂದು ಕೈ ಮುಗಿದೆ.

"ಎಲ್ಲಿ ಮಲಗ್ಸಿದ್ದೀರವ್ವ?"

"ಮಲಗಿಸೋದಿಲ್ಲ, ಕುರ್ಚೀಲಿ ಕೂರಿಸ್ತೀನಿ. ಮಲಗಿದ್ರೆ ತಲೆಗೆ ಟೋಪಿ ಕೂರಲ್ಲ."

ಶಿವಣ್ಣನವರು ಟವೆಲಿನಿಂದ ಕಣ್ಣೊರೆಸಿಕೊಂಡರು. "ಕೂರ್ಸೋದು ನಮ್ ಪೈಕಿಲಿ ಕಣವ್ವ. ನಿಮ್ಮಲ್ಲೂ ಅಂಗೇ ಅಂತ ನಂಗೆ ಗೊತ್ತಿರ್ನಿಲ್ಲ. ಓಗ್ಲಿ ಬುಡು, ಯಾವ್ದಾದ್ರೇನು, ಪುಣ್ಯಾತ್ಮ."

ಪುಣ್ಯಾತ್ಮ? ಯಾರು ಎಂದು ಕೇಳಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು. ಬಾಳೆ ಎಲೆಯ ಕಟ್ಟು ಹಿಡಿದು ಮಾವ ಇಳಿದರು, ಹಿಂದೆಯೇ ಅತ್ತೆ. ಚಿಕ್ಕಮ್ಮ ಕಿಟಾರನೆ ಕಿರುಚಿದರು. ಶಾಸ್ತ್ರಿಗಳು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನನ್ನ ಕಾಲು ತುಳಿದರು. ಶಿವಣ್ಣನವರು ಮಾತ್ರ ಓಡಿಹೋಗಿ ಗೆಳೆಯನ ಕೆನ್ನೆ ಮುಟ್ಟಿ ನೋಡಿ, "ಲೇ, ಬೆಚ್ಚಗವ್ನೆ ಕಣ್ರಲಾ!" ಎಂದು ಮಗುವಿನ ಹಾಗೆ ಅತ್ತುಬಿಟ್ಟರು.

ಆಗ ನನ್ನ ನುರಿತ, ವಿದೇಶದಲ್ಲಿ ಪಳಗಿದ ಮಿದುಳಿಗೆ ವಿಷಯ ಹೊಳೆಯಿತು. ಎಣ್ಣೆಯಿಲ್ಲದ ತಲೆಸ್ನಾನ, ಹೂವಿಲ್ಲ, ಕುಂಕುಮವಿಲ್ಲ, ನಸುಕಿನ ಫೋನು, ಮೂಗಿನ ಸದ್ದು. ನಮ್ಮ ಕಡೆ ಇಷ್ಟೆಲ್ಲ ಒಟ್ಟಿಗೆ ಸೇರುವುದು ಸಾವಿನ ಮನೆಯಲ್ಲಿ ಮಾತ್ರ. ನಾನು ಮಾವನನ್ನು ಕೊಂದಿದ್ದೆ!

ಮಾವ ಎಲ್ಲವನ್ನೂ ಕೇಳಿ, ನೆರೆದವರನ್ನು ಒಮ್ಮೆ ನೋಡಿ, "ನಾನು ಹೋದ್ರೆ ಇಷ್ಟೇ ಜನವೇನೋ ಬರೋದು?" ಎಂದು ಬೇಸರ ಮಾಡಿಕೊಂಡರು.

ಅತ್ತೆಯ ಕೋಪ ಮಾತ್ರ ಹೇಳತೀರದು. "ನನ್ನ ಕುಂಕುಮಕ್ಕೇ ಕೈ ಹಾಕ್ದೆಯಲ್ಲೇ ಮಹರಾಯ್ತಿ! ಯಾರೂ ಕದಲಬೇಡಿ. ಈ ಅಮಂಗಳ ತಲೆ ಹೊತ್ಕೊಂಡು ಒಬ್ರೂ ನನ್ನ ಹೊಸಿಲು ದಾಟಕೂಡದು!" ಎಂದು ಒಳಗಿನಿಂದ ಎಣ್ಣೆಯ ಬಟ್ಟಲು ತಂದರು. ಭಾನುವಾರ ಎಣ್ಣೆ ಹಚ್ಚುವ ದೋಷ ತಟ್ಟದಿರಲೆಂದು ಅದಕ್ಕೊಂದು ಹೂ ಹಾಕಿದರು.

"ಅತ್ತೆ, ಬೇಡ! ದಮ್ಮಯ್ಯ, ಆ ತಲೆಗಳು ನನಗೆ ಬೇಕು! ಸಂಜೆಗೆ ಹಚ್ಚಿ!"

ಯಾರು ಕೇಳುತ್ತಾರೆ? ಚಿಕ್ಕಪ್ಪನ ತಲೆ ಹೋಯಿತು. ಚಿಕ್ಕಮ್ಮನದು ಹೋಯಿತು. ಶಾಸ್ತ್ರಿಗಳು ತಾವಾಗಿಯೇ ಬಗ್ಗಿದರು. ತಿಂಗಳುಗಟ್ಟಲೆ ಕನಸು ಕಂಡ ಶುಭ್ರವಾದ, ಎಣ್ಣೆ ಸೋಕದ, ಅಪ್ಪಟ ಕನ್ನಡ ಓದುವ ತಲೆಗಳು ನನ್ನ ಕಣ್ಣೆದುರೇ ಒಂದೊಂದಾಗಿ ಮಿರಮಿರ ಮಿಂಚತೊಡಗಿದವು. ನನಗೆ ನಿಜಕ್ಕೂ ಅಳು ಬಂತು, ನೆಗಡಿಯದಲ್ಲ.

ಕುರ್ಚಿ ಹೊತ್ತು ಬಂದ ರಘು ಕೇಳಿದರು: "ಮತ್ತೆ ತೊಳ್ಕೊಂಡ್ರೆ ಆಗಲ್ವೇನಮ್ಮ?"

"ಒಂದೇ ದಿನ ಎರಡು ಸಲ ತಲೆಗೆ ನೀರಾ? ಶೀತ ಆಗಿ ನಿಜವಾಗ್ಲೂ ಒಬ್ಬರು ಹೋಗ್ಬೇಕೇನೋ?" ಎಂದರು ಅತ್ತೆ. ಅಲ್ಲಿಗೆ ಸಂಶೋಧನೆ ಮುಕ್ತಾಯ. ಆಮೇಲೆ ನಾನು ಫೋನು ಮಾಡಿದರೆ ಯಾರೂ ಎತ್ತಲಿಲ್ಲ, ಎತ್ತಿದವರೂ "ಮಾವ ಕ್ಷೇಮವಾ?" ಎಂದು ಕೇಳಿ ಇಟ್ಟುಬಿಟ್ಟರು.

ಬರಿಗೈಯಲ್ಲಿ ಇಂಗ್ಲೆಂಡಿಗೆ ಮರಳಿದೆ. ಪ್ರೊಫೆಸರು ಎಲ್ಲವನ್ನೂ ಗಂಭೀರವಾಗಿ ಕೇಳಿ, ಮಿತಿಗಳ ಅಧ್ಯಾಯದಲ್ಲಿ ಇದನ್ನು ದಾಖಲಿಸು ಎಂದರು. ದಾಖಲಿಸಿದೆ: 'ಸಂಶೋಧಕಿಯ ಮಾವ ಜೀವಂತವಾಗಿದ್ದ ಕಾರಣ ಪ್ರಯೋಗವನ್ನು ಕೈಬಿಡಬೇಕಾಯಿತು.' ಕೊನೆಗೆ ಅಲ್ಲಿಯ ಹುಡುಗರಿಗೆ ಇಂಗ್ಲಿಷ್ ಓದಿಸಿ, ಹೇಗೋ ತೇಕುತ್ತಾ ಪದವಿ ತಂದೆ. ಒತ್ತಕ್ಷರದ ಪ್ರಶ್ನೆಗೆ ಉತ್ತರ ಇವತ್ತಿಗೂ ನನಗೆ ಗೊತ್ತಿಲ್ಲ.

ಈಗ ಹಾಸನದ ಅದೇ ಕಾಲೇಜಿನಲ್ಲಿ ಮಾಡುವ ಪಾಠಗಳಲ್ಲಿ ಒಂದು, ನಾವು ಆಡಿದ ಮಾತಿನಿಂದ ಎದುರಿನವರ ಮನಸ್ಸು ಏನೇನು ಅರ್ಥ ಮಾಡಿಕೊಳ್ಳುತ್ತದೆ ಎಂಬುದು. ನನ್ನ ವಿಶೇಷ ಪರಿಣತಿಯ ಕ್ಷೇತ್ರವಂತೆ! ಮೊನ್ನೆ ಬಹಳ ಗತ್ತಿನಿಂದ ವಿವರಿಸಿ, ಏನಾದರೂ ಸಂದೇಹವಿದೆಯೇ ಎಂದೆ. ಹೊಳೆನರಸೀಪುರದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ ಎದ್ದು ನಿಂತಳು.

"ಮೇಡಂ, ನಿಮ್ಮ ಮಾವ ಚೆನ್ನಾಗಿದ್ದಾರಾ?"